ನಾಲ್ಕು ತತ್ತಿ, ಒಂದು ಫೋಟೊ: ಹಕ್ಕಿಯ ಮುಂದೆ ಕ್ಯಾಮೆರಾ ಹಿಡಿದು ನಿಂತವರ ಚರಿತ್ರೆ

ಏಳು ವರ್ಷಗಳ ಹಿಂದೆ ನಮ್ಮ ಶರಣಸಿರಸಗಿಯ ಹೊಲವೊಂದರಲ್ಲಿ ತೆಗೆದ ಫೋಟೊ ಇನ್ನೂ ನನ್ನ ಹತ್ತಿರ ಇದೆ. ತೊಗರಿ ಕೊಯ್ದು ಖಾಲಿಯಾದ ಎರಿ ಹೊಲ, ನಡುವೆ ಸಣ್ಣ ತಗ್ಗು, ತಗ್ಗಿನ ಸುತ್ತ ಹರಳು, ಆಡಿನ ಹಿಕ್ಕಿ. ಒಳಗೆ ಮಣ್ಣಿನ ಬಣ್ಣದ ಮೇಲೆ ಕರಿ ಚುಕ್ಕೆಯ ನಾಲ್ಕು ತತ್ತಿ. ಅವುಗಳ ಮೇಲೆ ರೆಕ್ಕೆ ಅರ್ಧ ಬಿಚ್ಚಿ, ಬಾಯಿ ತೆರೆದು ನಿಂತ ಟಿಟ್ಟಿಭ. ಫೋಟೊ ಚೆನ್ನಾಗಿದೆ. ನಾನು ತೆಗೆದ ಹಕ್ಕಿ ಫೋಟೊಗಳಲ್ಲಿ ಪತ್ರಿಕೆಯಲ್ಲಿ ಮೂರು ಕಾಲಂ ಅಗಲ ಅಚ್ಚಾಗಿದ್ದು ಅದೊಂದೇ.

ಆಗಷ್ಟೇ ನಾನು ಜಿಲ್ಲಾ ಸುದ್ದಿ ಬರೆಯಲು ಶುರು ಮಾಡಿದ್ದೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಇತ್ತು, ಅದರ ಜೊತೆ ಬಂದ ಸಣ್ಣ ಲೆನ್ಸ್ ಇತ್ತು. ಸಣ್ಣ ಲೆನ್ಸ್ ಅಂದರೆ ಹಕ್ಕಿ ದೊಡ್ಡದಾಗಿ ಕಾಣಲು ನಾವೇ ಹತ್ತಿರ ಹೋಗಬೇಕು. ಏಪ್ರಿಲ್ ತಿಂಗಳ ಬಿಸಿಲು. ಹೊಟ್ಟೆ ಮೇಲೆ ತೆವಳಿಕೊಂಡು ಹೋದೆ. ಹಕ್ಕಿ ಎದ್ದು ನನ್ನ ತಲೆಯ ಮೇಲೆ ಸುತ್ತಿತು, ಒದರಿತು, ದೂರ ಹೋಗಿ ಕುಂತಿತು, ಮತ್ತೆ ಬಂತು. ಹೀಗೆ ಮುಕ್ಕಾಲು ಗಂಟೆ. ಕೊನೆಗೆ ನಾನು ಅಲುಗಾಡದೆ ಬಿದ್ದುಕೊಂಡಿದ್ದಕ್ಕೋ ಏನೋ, ಬಂದು ತತ್ತಿಗಳ ಮೇಲೆ ನಿಂತಿತು. ಬಾಯಿ ತೆರೆದಿದ್ದು ಸಿಟ್ಟಿಗೆ ಅಂದುಕೊಂಡು, ಫೋಟೊದ ಕೆಳಗೆ ಹಾಗೇ ಬರೆದುಕೊಟ್ಟೆ. ಊರಿನ ಹೆಸರು, ಹೊಲದ ದಾರಿ ಎಲ್ಲಾ ಬರೆದೆ.

ಎರಡು ವಾರ ಬಿಟ್ಟು ಅದೇ ದಾರಿಯಲ್ಲಿ ಹೋದಾಗ ಗಾಡಿ ನಿಲ್ಲಿಸಿ ಇಳಿದೆ. ನಾಲ್ಕು ತತ್ತಿ ಹಾಗೇ ಇದ್ದವು. ಹಕ್ಕಿ ಇರಲಿಲ್ಲ. ಬದುವಿನ ಬೇವಿನ ಗಿಡದ ಕೆಳಗೆ ಕುಂತಿದ್ದ ಹೊಲದ ಅಜ್ಜ ನನ್ನನ್ನು ಗುರುತು ಹಿಡಿದರು.

'ತಮ್ಮಾ, ನೀ ಅಲ್ಲಿ ಮಲಗಿದ್ದಿ. ಅದು ಮ್ಯಾಲೆ ಒದರ್ಲಕತ್ತಿತ್ತು. ನಡು ಬಿಸಲಾಗ ತತ್ತಿ ಬರಿಮೈಲೆ ಇದ್ದವು. ನಿನಗ ತಿಳೀಲಿಲ್ಲೇನು?'

ಪೇಪರ್ ನೋಡಿ ಎರಡು ಗಾಡಿ ಹುಡುಗರು ಬಂದಿದ್ದರಂತೆ. ಅವರೂ ಫೋಟೊ ತೆಗೆದುಕೊಂಡು ಹೋದರಂತೆ. ಅದಾದ ಮೇಲೆ ಹಕ್ಕಿ ಕಾಣಲಿಲ್ಲ ಅಂದರು ಅಜ್ಜ. ಕೆಟ್ಟಿದ್ದು ನನ್ನಿಂದಲೋ, ಅವರಿಂದಲೋ? ಲೆಕ್ಕ ಹಾಕಿದರೆ ಎರಡೂ ನನ್ನ ತಲೆಗೇ ಬರುತ್ತದೆ. ಅವರಿಗೆ ದಾರಿ ತೋರಿಸಿದವನು ನಾನೇ.

ಟಿಟ್ಟಿಭ ಬೇಸಿಗೆಯಲ್ಲಿ ತತ್ತಿಯ ಮೇಲೆ ಕೂರುವುದು ಬರೀ ಕಾವು ಕೊಡಲು ಅಲ್ಲ, ನೆರಳು ಕೊಡಲು ಅನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ. ನೀರಿನ ಹತ್ತಿರ ಹೋಗಿ ಹೊಟ್ಟೆಯ ಪುಕ್ಕ ಒದ್ದೆ ಮಾಡಿಕೊಂಡು ಬಂದು ತತ್ತಿಗಳನ್ನು ತಣ್ಣಗಿಡುತ್ತದೆ. ಬಾಯಿ ತೆರೆದಿದ್ದು ಸಿಟ್ಟಿಗಲ್ಲ, ಸೆಕೆಗೆ. ಹಕ್ಕಿಗೆ ಬೆವರು ಬರುವುದಿಲ್ಲ. ನಾಯಿ ತೇಕುವಂತೆ ತೇಕಿಯೇ ಮೈ ತಣಿಸಿಕೊಳ್ಳಬೇಕು. ನಮ್ಮ ಕಡೆ 42, 43 ಡಿಗ್ರಿ ಬಿಸಿಲಿನಲ್ಲಿ ಬರಿಮೈಲೆ ಬಿದ್ದ ತತ್ತಿ ಎಷ್ಟು ಹೊತ್ತು ತಾಳೀತು?

ಅವತ್ತಿನಿಂದ ನನಗೊಂದು ಗೀಳು ಹತ್ತಿತು. ಹಕ್ಕಿ, ಪ್ರಾಣಿಗಳ ಫೋಟೊ ತೆಗೆಯುವುದನ್ನು ಬಿಡಲಿಲ್ಲ. ಆದರೆ ನನಗಿಂತ ಮೊದಲು ಈ ಕೆಲಸ ಮಾಡಿದವರು ಹೇಗೆ ಮಾಡಿದರು, ಎಲ್ಲಿ ತಪ್ಪಿದರು, ಹೇಗೆ ತಿದ್ದಿಕೊಂಡರು ಅಂತ ಹುಡುಕಿ ಓದಲು ಶುರು ಮಾಡಿದೆ. ಆ ಚರಿತ್ರೆ ನಮ್ಮ ಸೀಮೆಯಿಂದ ದೂರದ್ದೇನಲ್ಲ.

ಮೊದಲು ಬಂದೂಕು ಇತ್ತು

ಕಲಬುರಗಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1931-32ರಲ್ಲಿ ಆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಯಿತು. ಮಾಡಿದವರು ಸಲೀಂ ಅಲಿ. ಮುಂದೆ ಇಡೀ ದೇಶಕ್ಕೆ ಹಕ್ಕಿಗಳ ಪರಿಚಯ ಮಾಡಿಸಿದ ಅದೇ ಸಲೀಂ ಅಲಿ. ಆ ಸಮೀಕ್ಷೆಯ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು.

ಸಮೀಕ್ಷೆ ಅಂದರೆ ಆಗ ಏನು? ಹಕ್ಕಿಯನ್ನು ಗುಂಡು ಹೊಡೆದು ಬೀಳಿಸುವುದು, ಚರ್ಮ ಸುಲಿಯುವುದು, ಒಳಗೆ ಹತ್ತಿ ತುಂಬುವುದು, ಕಾಲಿಗೆ ಚೀಟಿ ಕಟ್ಟುವುದು. ಚೀಟಿಯಲ್ಲಿ ಊರು, ತಾರೀಖು, ಗಂಡೋ ಹೆಣ್ಣೋ. ಕೈಯಲ್ಲಿ ಹಕ್ಕಿ ಇಲ್ಲದೆ ಅದು ಯಾವ ಜಾತಿಯದು ಅಂತ ಖಾತ್ರಿ ಹೇಳುವ ಸಾಧನ ಆಗ ಬೇರೆ ಇರಲಿಲ್ಲ. ಹಕ್ಕಿಗಳನ್ನು ಪ್ರೀತಿಸಿದವರೇ ಹಕ್ಕಿಗಳನ್ನು ಹೊಡೆಯುತ್ತಿದ್ದರು. ಇವತ್ತು ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಅವರಿಗೆ ಅದು ವಿಜ್ಞಾನ. ಆ ಚರ್ಮಗಳು ಇಲ್ಲದಿದ್ದರೆ ಮುಂದೆ ಬಂದ ಹಕ್ಕಿ ಪುಸ್ತಕಗಳು ಇಷ್ಟು ಸುಲಭವಾಗಿ ಬರುತ್ತಿರಲಿಲ್ಲ ಅನ್ನುವುದೂ ನಿಜ. ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರೂ ಸಲೀಂ ಅಲಿಯೇ. ಕಾವೇರಿ ನಡುಗಡ್ಡೆಗಳ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮ ಆಗುವುದರ ಹಿಂದೆ ಅವರ ಮಾತಿತ್ತು. ಅವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' 1941ರಲ್ಲಿ ಬಂತು. ಅಂಥ ಪುಸ್ತಕ ನೋಡಿ, ದುರ್ಬೀನಿನಲ್ಲಿ ನೋಡಿಯೇ ಹಕ್ಕಿ ಗುರುತಿಸಬಹುದು ಅಂತ ಆದ ಮೇಲೆ ಹೊಡೆಯುವ ಅಗತ್ಯವೂ ಕಡಿಮೆಯಾಯಿತು.

ಬಂದೂಕಿನ ಇನ್ನೊಂದು ಮುಖ ಶಿಕಾರಿ. ರಾಜರು, ಸಾಹೇಬರು ಹುಲಿ ಹೊಡೆದು ಅದರ ಮೇಲೆ ಕಾಲಿಟ್ಟು ತೆಗೆಸಿಕೊಂಡ ಫೋಟೊ ನೀವೂ ನೋಡಿರುತ್ತೀರಿ. ಕಾಡುಪ್ರಾಣಿಯ ಫೋಟೊ ಅಂದರೆ ಬಹುಕಾಲ ಅದೇ ಆಗಿತ್ತು. ಪ್ರಾಣಿ ಸತ್ತಿರಬೇಕು, ಮನುಷ್ಯ ನಗುತ್ತಿರಬೇಕು.

ಒಕ್ಕಲಿಗರ ಮಕ್ಕಳು, ಎತ್ತಿನ ಚರ್ಮ

ಜೀವಂತ ಹಕ್ಕಿಯನ್ನು ಅದರ ಜಾಗದಲ್ಲೇ ಫೋಟೊ ತೆಗೆಯಬಹುದು ಅಂತ ತೋರಿಸಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಯಾರ್ಕ್‌ಶೈರಿನ ಹಳ್ಳಿಯ ಇಬ್ಬರು ಅಣ್ಣತಮ್ಮಂದಿರು, ರಿಚರ್ಡ್ ಕಿಯರ್ಟನ್ ಮತ್ತು ಚೆರ್ರಿ ಕಿಯರ್ಟನ್. ಒಕ್ಕಲುತನದ ಮನೆ, ಕುರಿ ಕಾಯ್ದು ಬೆಳೆದವರು. ಅಣ್ಣ ರಿಚರ್ಡ್‌ಗೆ ಚಿಕ್ಕಂದಿನಲ್ಲೇ ಪೆಟ್ಟಾಗಿ ಕಾಲು ಕುಂಟಾಗಿತ್ತು. 1892ರಲ್ಲಿ ತಮ್ಮ ಚೆರ್ರಿ ಒಂದು ಗೂಡನ್ನು ತತ್ತಿ ಸಮೇತ ಫೋಟೊ ತೆಗೆದ. ಮೂರು ವರ್ಷದ ಮೇಲೆ, 1895ರಲ್ಲಿ, ಬ್ರಿಟನ್ನಿನ ಹಕ್ಕಿಗೂಡುಗಳ ಬಗ್ಗೆ ಅವರು ಪುಸ್ತಕ ಹೊರತಂದರು. ಕೈಯಲ್ಲಿ ಬರೆದ ಚಿತ್ರಗಳ ಬದಲು ಹೊಲ, ಬೇಲಿಯಲ್ಲೇ ತೆಗೆದ ಫೋಟೊಗಳು ಆ ಪುಸ್ತಕದಲ್ಲಿದ್ದವು.

ಆಗಿನ ಕ್ಯಾಮೆರಾ ಮರದ ಪೆಟ್ಟಿಗೆ, ಒಳಗೆ ಗಾಜಿನ ಫಲಕ. ಅಲುಗಾಡುವ ಹಕ್ಕಿ ಅದರಲ್ಲಿ ಮಬ್ಬಾಗುತ್ತದೆ. ದೂರದ ಹಕ್ಕಿ ಚುಕ್ಕೆಯಾಗುತ್ತದೆ. ಅದಕ್ಕೇ ಹಕ್ಕಿಯ ಹತ್ತಿರ ಅಡಗಿ ಕೂರಲು ಈ ಅಣ್ಣತಮ್ಮಂದಿರು ನಾನಾ ವೇಷ ಹಾಕಿದರು. ಸತ್ತ ಎತ್ತಿನ ಚರ್ಮವನ್ನು ಚೌಕಟ್ಟಿಗೆ ಹೊದಿಸಿ, ಒಳಗೆ ಮನುಷ್ಯ ನಿಂತು, ಎತ್ತಿನ ಎದೆಯ ತೂತಿನಿಂದ ಫೋಟೊ ತೆಗೆಯುವುದು ಅದರಲ್ಲಿ ಬಹಳ ಹೆಸರಾಯಿತು. ಎತ್ತು ಹತ್ತಿರ ಬಂದರೆ ಹಕ್ಕಿ ಹೆದರುವುದಿಲ್ಲ, ಮನುಷ್ಯ ಬಂದರೆ ಹೆದರುತ್ತದೆ. ಹೊಲದಲ್ಲಿ ಬೆಳೆದ ಮಕ್ಕಳಿಗೆ ಗೊತ್ತಿದ್ದ ಸತ್ಯವನ್ನೇ ಅವರು ಉಪಾಯ ಮಾಡಿಕೊಂಡರು. ನಮ್ಮಲ್ಲೂ ಬೆಳ್ಳಕ್ಕಿ ಎಮ್ಮೆಯ ಬೆನ್ನ ಮೇಲೇ ಕೂರುತ್ತದೆ, ನಾವು ಹತ್ತಿರ ಹೋದರೆ ಹಾರುತ್ತದೆ.

ಆದರೆ ಅವರ ದಾರಿಯಲ್ಲೇ ಒಂದು ತೊಡಕು ಹುಟ್ಟಿತು. ಹಕ್ಕಿ ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಿರುವ ಜಾಗ ಯಾವುದು? ಗೂಡು. ಮರಿಗೆ ತುತ್ತು ಕೊಡಲು ಅದು ಮತ್ತೆ ಮತ್ತೆ ಬಂದೇ ಬರುತ್ತದೆ. ಹಾಗಾಗಿ ಗೂಡಿನ ಮುಂದೆ ಅಡಗುದಾಣ ಕಟ್ಟಿ ಕೂರುವುದೇ ಹಕ್ಕಿ ಫೋಟೊಗ್ರಫಿಯ ಶಾಸ್ತ್ರ ಆಗಿಬಿಟ್ಟಿತು. ಭಾರತದಲ್ಲಿ ಹಕ್ಕಿ ಫೋಟೊ ತೆಗೆದ ಇ.ಎಚ್.ಎನ್. ಲೋಥರ್ 1949ರಲ್ಲಿ ತಂದ ಪುಸ್ತಕದಲ್ಲೂ ಗೂಡಿನ ಹತ್ತಿರದ ಕೆಲಸವೇ ಮುಖ್ಯ.

ಗೂಡಿಗೆ ಅಡ್ಡ ಬಂದ ಟೊಂಗೆಯನ್ನು ಸರಿಸುವುದು, ಎಲೆ ಕತ್ತರಿಸುವುದು ಅದರ ಜೊತೆಗೇ ಬಂತು. ಫೋಟೊ ಮುಗಿದ ಮೇಲೆ ಟೊಂಗೆ ಮತ್ತೆ ಕಟ್ಟಬೇಕು ಅಂತ ಒಳ್ಳೆಯವರು ಹೇಳುತ್ತಿದ್ದರು. ಎಷ್ಟು ಜನ ಕಟ್ಟಿದರೋ. ಮರೆ ಹೋದ ಗೂಡು ಕಾಗೆಗೂ ಕಾಣುತ್ತದೆ, ಬಿಸಿಲಿಗೂ ಸಿಗುತ್ತದೆ.

ಹುಲಿಯೇ ಗುಂಡಿ ಒತ್ತಿದ್ದು

ಬಂದೂಕು ಕೈಯಲ್ಲಿದ್ದೂ ಹೊಡೆಯದ ಒಬ್ಬ ಅರಣ್ಯಾಧಿಕಾರಿ ಇದೇ ಕಾಲದಲ್ಲಿ ಉತ್ತರ ಭಾರತದಲ್ಲಿದ್ದರು, ಎಫ್.ಡಬ್ಲ್ಯು. ಚಾಂಪಿಯನ್. ಶಿಕಾರಿ ಅವರಿಗೆ ಹಿಡಿಸಲಿಲ್ಲ. ಹುಲಿ ನಡೆಯುವ ದಾರಿಗೆ ಅಡ್ಡವಾಗಿ ತಂತಿ ಕಟ್ಟಿ, ತಂತಿಯನ್ನು ಕ್ಯಾಮೆರಾಗೆ ಮತ್ತು ಫ್ಲಾಶಿಗೆ ಜೋಡಿಸಿದರು. ರಾತ್ರಿ ಹುಲಿ ಬಂದು ಕಾಲು ತಾಗಿಸಿದರೆ ತನ್ನ ಫೋಟೊ ತಾನೇ ತೆಗೆದುಕೊಂಡ ಹಾಗೆ. 1925ರಲ್ಲಿ ಆ ಫೋಟೊಗಳು ಲಂಡನ್ನಿನ ಪತ್ರಿಕೆಯಲ್ಲಿ ಬಂದವು, 1927ರಲ್ಲಿ ಪುಸ್ತಕವಾದವು. ಒಂದು ಹುಲಿಯ ಪಟ್ಟೆ ಇನ್ನೊಂದರ ಹಾಗೆ ಇರುವುದಿಲ್ಲ ಅನ್ನುವುದು ಅವರ ಕಣ್ಣಿಗೆ ಬಿದ್ದಿತ್ತು.

ಈ ತಂತಿಯ ಮೊಮ್ಮಗ ನಮ್ಮ ರಾಜ್ಯದಲ್ಲೇ ಇದ್ದಾನೆ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ನೋಡಿ ಒಂದೊಂದೇ ಹುಲಿಯನ್ನು ಗುರುತಿಸಿ ಎಣಿಸುವ ವಿಧಾನ ತಂದರು. ಇವತ್ತು ದೇಶದ ಹುಲಿ ಎಣಿಕೆಯಲ್ಲಿ ಕ್ಯಾಮೆರಾ ಟ್ರ್ಯಾಪೇ ದೊಡ್ಡ ಆಧಾರ. ಶಿಕಾರಿಯ ಬದಲು ಬಂದ ಫೋಟೊ ಕೊನೆಗೆ ಲೆಕ್ಕದ ಪುಸ್ತಕವಾಯಿತು.

ಸಂಡೂರಿನಿಂದ ಮೂಡಿಗೆರೆಗೆ

ನಮ್ಮ ಕಲ್ಯಾಣ ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ದೊಡ್ಡ ಪಾಲಿದೆ ಅಂತ ತಿಳಿದಾಗ ನನಗೆ ಖುಷಿಯಾಯಿತು. ಬಳ್ಳಾರಿ ಜಿಲ್ಲೆಯ ಸಂಡೂರು ಆಗ ಪುಟ್ಟ ಸಂಸ್ಥಾನ. 1940ರ ದಶಕದಲ್ಲಿ ಅಲ್ಲಿ ನೌಕರಿಗೆ ಬಂದವರು ಮದ್ರಾಸಿನ ಎಂ. ಕೃಷ್ಣನ್. ಮೇಷ್ಟರಾಗಿ, ನ್ಯಾಯಾಧೀಶರಾಗಿ, ಅರಸರ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ಸಂಸ್ಥಾನ ವಿಲೀನವಾದ ಮೇಲೆ ಮದ್ರಾಸಿಗೆ ಹೋದ ಅವರು ಬೇರೆ ನೌಕರಿ ಹಿಡಿಯಲಿಲ್ಲ. ಬರೆಯುವುದು, ಕಾಡಿನಲ್ಲಿ ನಡೆದು ಕಪ್ಪು ಬಿಳುಪಿನಲ್ಲಿ ಫೋಟೊ ತೆಗೆಯುವುದು, ಇವೇ ಜೀವನ. ಕಲ್ಕತ್ತಾದ 'ದಿ ಸ್ಟೇಟ್ಸ್‌ಮನ್' ಪತ್ರಿಕೆಗೆ 1950ರಿಂದ 1996ರಲ್ಲಿ ತೀರಿಹೋಗುವವರೆಗೆ ಅಂಕಣ ಬರೆದರು. ಬೇರೆ ಬೇರೆ ಬಿಡಿಭಾಗ ಕೂಡಿಸಿ ತಾವೇ ಮಾಡಿಕೊಂಡ ದೊಡ್ಡ ಕ್ಯಾಮೆರಾಗೆ 'ಸೂಪರ್ ಪಾಂಡರೋಸಾ' ಅಂತ ಹೆಸರಿಟ್ಟಿದ್ದರು. 46 ವರ್ಷ ಬಿಡದೆ ಅಂಕಣ ಬರೆಯುವುದು ಏನು ಅಂತ ನಮ್ಮಂಥ ಸುದ್ದಿ ಬರೆಯುವವರಿಗೆ ಗೊತ್ತು.

ಅದೇ ಸಂಡೂರಿನ ಅರಸು ಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿ, ಗ್ರಾಮೀಣಾಭಿವೃದ್ಧಿ ಸಚಿವರಾಗಿ ಎಲ್ಲರಿಗೂ ಗೊತ್ತು. ಅವರು ದೊಡ್ಡ ವನ್ಯಜೀವಿ ಛಾಯಾಗ್ರಾಹಕ ಅನ್ನುವುದು ನಮ್ಮ ವಯಸ್ಸಿನ ಬಹಳ ಜನಕ್ಕೆ ಗೊತ್ತಿಲ್ಲ. ಅವರ ಕಪ್ಪು ಬಿಳುಪು ಫೋಟೊಗಳ ಪುಸ್ತಕ 'ಸನ್‌ಲೈಟ್ ಅಂಡ್ ಶ್ಯಾಡೋಸ್' 1983ರಲ್ಲಿ ಬಂತು. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಸಾಲು ಬೆಳೆಯಿತು. 2017ರಲ್ಲಿ ತೀರಿಕೊಂಡ ಪೆರುಮಾಳ್ ಅವರನ್ನು ಗುರು ಅಂತ ನೆನೆಯುವ ಛಾಯಾಗ್ರಾಹಕರು ರಾಜ್ಯದ ತುಂಬ ಇದ್ದಾರೆ.

ಮೂಡಿಗೆರೆಯಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಕಾಫಿ ತೋಟದ ನಡುವೆ ಹಕ್ಕಿಗಳ ಹಿಂದೆ ಬಿದ್ದರು. ಕನ್ನಡದ ಸಾಮಾನ್ಯ ಓದುಗನಿಗೆ ಹಕ್ಕಿ ನೋಡುವ ರುಚಿ ಹತ್ತಿಸಿದವರು ಅವರು. 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕ ಅವರದು. ಇಂಗ್ಲಿಷ್ ಬಾರದವನೂ ಮಿಂಚುಳ್ಳಿಯ ಹೆಸರು ಹಿಡಿದು ಅದರ ಬದುಕಿನ ಬಗ್ಗೆ ಕನ್ನಡದಲ್ಲೇ ಓದಬಹುದು ಅಂತ ಆದದ್ದರಲ್ಲಿ ಅವರ ಪಾಲು ದೊಡ್ಡದು.

ಈ ಹಿರಿಯರ ಕಾಲದಲ್ಲಿ ಒಂದು ರೀಲಿಗೆ 36 ಫೋಟೊ. ತೊಳೆಸಿದ ಮೇಲೇ ಗೊತ್ತು ಬಂತೋ ಇಲ್ಲವೋ. ಫಿಲ್ಮಿನ ವೇಗ ಕಡಿಮೆ, ಉದ್ದ ಲೆನ್ಸಿನ ಬೆಲೆ ಬಹಳ. ಹಾಗಾಗಿ ಆ ಕಾಲದ ಹಕ್ಕಿ ಫೋಟೊಗಳಲ್ಲಿ ಗೂಡಿನ ಹತ್ತಿರದವು ಬಹಳ. ಅವರನ್ನು ಇವತ್ತಿನ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯ ಅಲ್ಲ. ಅವರು ದಿನಗಟ್ಟಲೆ ಹಕ್ಕಿಯ ನಡೆ ನೋಡಿ, ಅಡಗುದಾಣವನ್ನು ದಿನಕ್ಕಿಷ್ಟು ದಿನಕ್ಕಿಷ್ಟು ಹತ್ತಿರ ಸರಿಸಿ, ಹಕ್ಕಿ ಒಗ್ಗಿಕೊಂಡ ಮೇಲೆ ಕೂರುತ್ತಿದ್ದರು. ನಾನು ಮಾಡಿದ್ದು ಅದಲ್ಲ. ನಾನು ನಡು ಮಧ್ಯಾಹ್ನ ಹೋಗಿ ಮುಂದೆ ಮಲಗಿದೆ. ಅವರ ಫೋಟೊ ನೋಡಿ ಕಲಿತೆ, ಅವರ ತಾಳ್ಮೆ ನೋಡಿ ಕಲಿಯಲಿಲ್ಲ.

ಕಾಯ್ದೆ ಏನು ಹೇಳುತ್ತದೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು ಅಂತ ನಾವೆಲ್ಲಾ ಶಾಲೆಯಲ್ಲಿ ಓದಿದ್ದೇವೆ. ಆದರೆ ಕಾಯ್ದೆಯ 2ನೇ ಕಲಂನಲ್ಲಿ 'ಬೇಟೆ' ಅಂದರೆ ಏನು ಅಂತ ಬಿಡಿಸಿ ಹೇಳಿದ್ದನ್ನು ನಾನು ಓದಿದ್ದು ಆ ನಾಲ್ಕು ತತ್ತಿ ಕೆಟ್ಟ ಮೇಲೆ. ಕೊಲ್ಲುವುದು, ಹಿಡಿಯುವುದು, ಬಲೆ ಹಾಕುವುದು ಬೇಟೆ. ಅಟ್ಟುವುದು, ತಿನಿಸಿನ ಆಸೆ ತೋರಿಸಿ ಸೆಳೆಯುವುದೂ ಆ ಪಟ್ಟಿಯಲ್ಲಿದೆ. ಕಾಡುಹಕ್ಕಿಯ ತತ್ತಿಗೆ ಪೆಟ್ಟು ಮಾಡುವುದೂ ಬೇಟೆ. ಅಷ್ಟೇ ಅಲ್ಲ, ತತ್ತಿಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಬೇಟೆ.

ಓದಿ ಸುಮ್ಮನೆ ಕುಂತೆ. ಬಂದೂಕು ಮುಟ್ಟದ ಮನೆಯಲ್ಲಿ ಹುಟ್ಟಿದವನು ನಾನು. ಕಾಯ್ದೆಯ ಮಾತಿನಲ್ಲಿ ಆ ಮಧ್ಯಾಹ್ನ ನಾನು ಶಿಕಾರಿಗೆ ಹೋಗಿದ್ದೆ.

ಅಭಯಾರಣ್ಯದೊಳಗೆ ಫೋಟೊಗ್ರಫಿಗೆ ಹೋಗಲು ಇಲಾಖೆಯ ಅನುಮತಿ ಬೇಕು ಅಂತಲೂ ಕಾಯ್ದೆಯಲ್ಲಿದೆ. ನಮ್ಮ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾಯಿತು, ಸುಮಾರು 134 ಚದರ ಕಿಲೊಮೀಟರ್. ಬಿಸಿಲು ನಾಡಿನ ನಡುವೆ ಅಷ್ಟು ಹಸಿರು ಇರುವುದೇ ನಮ್ಮ ಪುಣ್ಯ. ಅಲ್ಲಿಗೆ ಹೋಗುವ ಹುಡುಗರು ಮೊದಲು ಕಚೇರಿಯಲ್ಲಿ ಕೇಳಿ ಹೋಗಬೇಕು. ಆದರೆ ಗೂಡಿನ ಮಾತು ಅಭಯಾರಣ್ಯಕ್ಕೆ ಮಾತ್ರ ಸೇರಿದ್ದಲ್ಲ. ನಿಮ್ಮ ಹೊಲದ ಬದುವಿನ ಗೂಡಿಗೂ ಅದೇ ಕಾಯ್ದೆ.

ಒಂದೇ ತತ್ತಿ ಇಡುವ ಹಕ್ಕಿ

ಇದೆಲ್ಲಾ ಒಂದು ಟಿಟ್ಟಿಭಕ್ಕೆ ಇಷ್ಟು ದೊಡ್ಡ ಮಾತೇ ಅಂತ ಕೇಳುವವರಿದ್ದಾರೆ. ಟಿಟ್ಟಿಭ ಬೇಕಾದಷ್ಟಿವೆ, ನಿಜ. ಆದರೆ ನಮ್ಮ ಎರಿ ನೆಲದಲ್ಲಿ ಬೇಕಾದಷ್ಟಿದ್ದು ಇಲ್ಲವಾದ ಹಕ್ಕಿ ಒಂದಿದೆ. ಎರ್ಲಡ್ಡು, ದೊರವಾಯನ ಹಕ್ಕಿ ಅಂತ ಕರೆಯುವ ದೊಡ್ಡ ಹಕ್ಕಿ. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳಲ್ಲಿ ಒಂದು. ಬಯಲು, ಹುಲ್ಲುಗಾವಲು, ಜ್ವಾಳದ ಹೊಲ ಅದರ ಮನೆ.

ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ನಾನ್ನಜ್ ಸುತ್ತ ಇದಕ್ಕಾಗಿ 1979ರಲ್ಲಿ ಅಭಯಾರಣ್ಯ ಮಾಡಿದರು. ಕೃಷ್ಣಮೃಗಕ್ಕಾಗಿ 1974ರಲ್ಲಿ ಆದ ರಾಣೆಬೆನ್ನೂರು ಅಭಯಾರಣ್ಯದಲ್ಲೂ ಇದು ಕಾಣುತ್ತಿತ್ತು. ನಮ್ಮ ರಾಜ್ಯದಲ್ಲಿ ಈಗ ಉಳಿದಿರುವುದು ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು. ಇಡೀ ದೇಶದಲ್ಲಿ 200ಕ್ಕಿಂತ ಕಡಿಮೆ. ಬೇಟೆ, ಹುಲ್ಲುಗಾವಲು ಹೋಗಿದ್ದು, ವಿದ್ಯುತ್ ತಂತಿಗೆ ಬಡಿದು ಸಾಯುವುದು ಅದರ ದೊಡ್ಡ ಕಾರಣಗಳು. ಕ್ಯಾಮೆರಾದವರು ಆ ಹಕ್ಕಿಯನ್ನು ಮುಗಿಸಿದರು ಅಂತ ನಾನು ಹೇಳುವುದಿಲ್ಲ. ಆದರೆ ಅದು ಸಾಮಾನ್ಯವಾಗಿ ಒಂದು ಸಲಕ್ಕೆ ಇಡುವುದು ಒಂದೇ ತತ್ತಿ, ಅದೂ ಬರಿ ನೆಲದ ಮೇಲೆ. ಆ ತತ್ತಿಯಿಂದ ತಾಯಿಯನ್ನು ಎಬ್ಬಿಸಿ ತೆಗೆದ ಒಂದು ಫೋಟೊದ ಬೆಲೆ ಎಷ್ಟು ಅಂತ ಯೋಚನೆ ಮಾಡಿ. ಅಷ್ಟು ಕಡಿಮೆ ಉಳಿದ ಮೇಲೆ ಒಂದೊಂದು ತತ್ತಿಯೂ ಲೆಕ್ಕ.

ಪಂಚತಂತ್ರದಲ್ಲಿ ಟಿಟ್ಟಿಭ ಮತ್ತು ಸಮುದ್ರದ ಕತೆ ಬರುತ್ತದೆ. ತತ್ತಿ ಕದ್ದ ಸಮುದ್ರದ ಮೇಲೇ ಆ ಪುಟ್ಟ ಹಕ್ಕಿ ಜಗಳಕ್ಕೆ ನಿಂತು, ಕೊನೆಗೆ ತತ್ತಿ ವಾಪಸ್ ಪಡೆಯುತ್ತದೆ. ಕತೆಯಲ್ಲಿ ಗರುಡ ಸಹಾಯಕ್ಕೆ ಬರುತ್ತಾನೆ. ನಮ್ಮ ಹೊಲಕ್ಕೆ ಯಾರೂ ಬರುವುದಿಲ್ಲ.

ಸುಳ್ಳು ಫೋಟೊ, ನಿಜ ಫೋಟೊ

ಗೂಡಿನ ಮಾತು ಒಂದಾದರೆ, ಸುಳ್ಳಿನ ಮಾತು ಇನ್ನೊಂದು. ಲಂಡನ್ನಿನಲ್ಲಿ ನಡೆಯುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆ ಜಗತ್ತಿನಲ್ಲೇ ಹೆಸರಾದದ್ದು. 2009ರಲ್ಲಿ ಅದರ ಮೊದಲ ಬಹುಮಾನ ಗೇಟು ಹಾರುವ ತೋಳದ ಫೋಟೊಗೆ ಬಂತು. ಆ ತೋಳ ಸಾಕಿದ್ದು ಇರಬೇಕು ಅಂತ ತೀರ್ಪುಗಾರರಿಗೆ ಖಾತ್ರಿಯಾಗಿ ಬಹುಮಾನ ಹಿಂದಕ್ಕೆ ಪಡೆದರು. 2017ರ ಸ್ಪರ್ಧೆಯಲ್ಲಿ ಗೆದ್ದ ಇನ್ನೊಂದು ಫೋಟೊದಲ್ಲಿದ್ದ ಇರುವೆಬಾಕ ಹುಲ್ಲು ತುಂಬಿದ ಬೊಂಬೆಯಂತಿದೆ ಅಂತ ಮರುವರ್ಷ ಅದನ್ನೂ ತೆಗೆದುಹಾಕಿದರು. ತೆಗೆದವರಿಬ್ಬರೂ ತಾವು ಮೋಸ ಮಾಡಿಲ್ಲ ಅಂದರು. ಸ್ಪರ್ಧೆಯವರು ಒಪ್ಪಲಿಲ್ಲ.

ಎರಡೂ ಚಂದದ ಫೋಟೊಗಳೇ. ಆದರೆ ಕಾಡುಪ್ರಾಣಿಯ ಫೋಟೊ ಅಂದರೆ ಒಂದು ಸಾಕ್ಷಿ. ಇಂಥ ಜೀವ ಇಂಥ ಕಡೆ ಹೀಗೆ ಬದುಕಿತ್ತು ಅನ್ನುವ ಸಾಕ್ಷಿ. ಸುದ್ದಿ ಬರೆಯುವ ನಮಗೆ ಇದು ಬೇಗ ಅರ್ಥ ಆಗಬೇಕು. ಹೇಳದ ಮಾತನ್ನು ಹೇಳಿದ ಹಾಗೆ ಬರೆದರೆ ಸುದ್ದಿ ಎಷ್ಟು ಚಂದ ಇದ್ದರೇನು?

ಇದಕ್ಕೆ ಎದುರಿಗೆ ನಮ್ಮವರ ಕೆಲಸ ಇಟ್ಟು ನೋಡಿ. ಮೈಸೂರಿನ ಕೃಪಾಕರ ಮತ್ತು ಸೇನಾನಿ ಬಂಡೀಪುರ, ಮುದುಮಲೆ ಕಡೆ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ನಡೆದರು. 1997ರಲ್ಲಿ ವೀರಪ್ಪನ್ ಕೈಗೆ ಸಿಕ್ಕು 14 ದಿನ ಅವನ ಸೆರೆಯಲ್ಲಿದ್ದು ಬಂದರು. ಮತ್ತೆ ಕಾಡಿಗೇ ಹೋದರು. ಅವರ 'ದಿ ಪ್ಯಾಕ್' ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಅಂತ ಕರೆಯುವ ಪಾಂಡಾ ಪ್ರಶಸ್ತಿ ಬಂತು. ಕಾಡುನಾಯಿಯನ್ನು ಕ್ರೂರ ಪ್ರಾಣಿ ಅಂತ ಹಿಂದೆ ಹೊಡೆಸುತ್ತಿದ್ದರು, ಕೊಂದವರಿಗೆ ಇನಾಮು ಸಿಗುತ್ತಿತ್ತು. ಅದು ಮರಿ ಸಾಕುವ, ಕೂಡಿ ಬಾಳುವ ಪ್ರಾಣಿ ಅಂತ ನಾಡಿಗೆ ತೋರಿಸಿದ್ದು ಅವಸರ ಮಾಡದ ಕ್ಯಾಮೆರಾ.

ಮೊಬೈಲು ನಮ್ಮನ್ನು 1892ಕ್ಕೆ ಕರೆದೊಯ್ದಿದೆ

ಈಗ ನಮ್ಮ ಕಾಲಕ್ಕೆ ಬರೋಣ. ಪೇಟೆಯ ಛಾಯಾಗ್ರಾಹಕರ ಹತ್ತಿರ 600 ಎಂಎಂ ಲೆನ್ಸ್ ಇದೆ. ಅವರು ಹೊಲದ ಈ ತುದಿಯಲ್ಲಿ ನಿಂತು ಆ ತುದಿಯ ಹಕ್ಕಿಯ ಕಣ್ಣು ತೆಗೆಯಬಹುದು. ಅವರಿಗೆ ಗೂಡಿನ ಹಂಗಿಲ್ಲ. ಹಾಗಾಗಿ ಗೂಡಿನ ಫೋಟೊ ಬೇಡ ಅನ್ನುವ ಮಾತು ಛಾಯಾಗ್ರಾಹಕರ ನಡುವೆಯೇ ಈಗ ಬಲವಾಗಿದೆ. ಫೋಟೊಗಿಂತ ಜೀವದ ಕ್ಷೇಮ ಮುಖ್ಯ ಅನ್ನುವುದು ಈ ವಿದ್ಯೆಯ ಮೊದಲ ಪಾಠವಾಗಿದೆ.

ಆದರೆ ನಮ್ಮ ಹಳ್ಳಿ ಹುಡುಗರ ಕೈಯಲ್ಲಿರುವುದು ಮೊಬೈಲು. ಮೊಬೈಲಿನ ಲೆನ್ಸ್ ಸಣ್ಣದು. ಜೂಮ್ ಮಾಡಿದರೆ ಹಕ್ಕಿ ಕಲೆಸಿಹೋಗುತ್ತದೆ. ಹಕ್ಕಿ ದೊಡ್ಡದಾಗಿ ಬೇಕಾದರೆ ಹತ್ತಿರ ಹೋಗಬೇಕು, ಹತ್ತಿರ ಬಿಟ್ಟುಕೊಳ್ಳುವುದು ಗೂಡಿನಲ್ಲಿ ಕುಂತ ಹಕ್ಕಿ ಮಾತ್ರ. ನೋಡಿ, ಮರದ ಪೆಟ್ಟಿಗೆ ಹಿಡಿದ ಕಿಯರ್ಟನ್ ಅಣ್ಣತಮ್ಮಂದಿರು ಎಲ್ಲಿ ನಿಂತಿದ್ದರೋ ನಾವೂ ಅಲ್ಲೇ ನಿಂತಿದ್ದೇವೆ. ಒಂದೇ ಫರಕು. ಅವರು ಇಬ್ಬರಿದ್ದರು, ನಾವು ಊರಿಗೆ ಸಾವಿರ ಜನ ಇದ್ದೇವೆ. ಅವರ ಫೋಟೊ ಪುಸ್ತಕವಾಗಲು ಮೂರು ವರ್ಷ ಹಿಡಿಯಿತು. ನಮ್ಮದು ಮೂರು ನಿಮಿಷದಲ್ಲಿ ಹತ್ತು ಗ್ರೂಪಿಗೆ ಹೋಗುತ್ತದೆ.

ಹಾಗಂತ ಮೊಬೈಲು ಒಳಗಿಡಿ ಅಂತ ನಾನು ಹೇಳುವುದಿಲ್ಲ. ಏಳು ವರ್ಷದಲ್ಲಿ ನಾನು ಕಲಿತಿದ್ದನ್ನು ಹೇಳುತ್ತೇನೆ.

ಹಕ್ಕಿ ಮೇಯುವುದು ಬಿಟ್ಟು ತಲೆ ಎತ್ತಿ ನಿಮ್ಮನ್ನು ನೋಡಿತು ಅಂದರೆ ನೀವು ಆಗಲೇ ಹತ್ತಿರವಾಗಿದ್ದೀರಿ. ಅಲ್ಲೇ ನಿಲ್ಲಿ. ಒದರಲು ಶುರು ಮಾಡಿತು, ತಲೆ ಮೇಲೆ ಸುತ್ತಿತು, ರೆಕ್ಕೆ ಮುರಿದ ಹಾಗೆ ನಟನೆ ಮಾಡಿತು ಅಂದರೆ ಹತ್ತಿರದಲ್ಲೇ ತತ್ತಿಯೋ ಮರಿಯೋ ಇದೆ. ಕಾಲ ಕೆಳಗೆ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಗಾಡಿಯಿಂದ ಇಳಿಯಬೇಡಿ. ದಿನಾ ಹೋಗುವ ಗಾಡಿಗೆ, ಎತ್ತಿಗೆ, ಟ್ರ್ಯಾಕ್ಟರಿಗೆ ಹಕ್ಕಿ ಅಷ್ಟು ಹೆದರುವುದಿಲ್ಲ; ನೆಲದ ಮೇಲೆ ನಡೆದು ಬರುವ ಮನುಷ್ಯನಿಗೆ ಹೆದರುತ್ತದೆ. ದುರ್ಬೀನು ಸಿಕ್ಕರೆ ಅದರ ಕಣ್ಣಿಗೆ ಮೊಬೈಲಿನ ಕಣ್ಣು ಹಿಡಿದು ಫೋಟೊ ತೆಗೆಯಿರಿ. ಒಂದೆರಡು ದಿನ ಕೈ ನಡುಗುತ್ತದೆ, ಆಮೇಲೆ ಹತೋಟಿಗೆ ಬರುತ್ತದೆ. ಬೇಸಿಗೆಯಲ್ಲಿ ನೀರಿದ್ದಲ್ಲಿ ದೂರ ಕುಂತರೆ ಹಕ್ಕಿಗಳೇ ಬರುತ್ತವೆ. ಆದರೆ ಸುತ್ತ ಅದೊಂದೇ ನೀರಾದರೆ ಅಲ್ಲಿ ಕೂರಬೇಡಿ, ನಿಮ್ಮಿಂದ ಅವು ನೀರು ಕುಡಿಯದೆ ಹೋಗುತ್ತವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂದುಕೊಂಡು ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಗೂಬೆಯ ಕಣ್ಣಿಗೆ ರಾತ್ರಿ ಫ್ಲಾಶ್ ಹೊಡೆಯಬೇಡಿ.

ಇನ್ನು ಜಾಗದ ಹೆಸರು. ನನ್ನ ದೊಡ್ಡ ತಪ್ಪು ಅದೇ. ಗೂಡು, ಮರಿ, ಅಪರೂಪದ ಪ್ರಾಣಿ ಕಂಡರೆ ತಾಲ್ಲೂಕಿನ ಹೆಸರು ಸಾಕು. ಹೊಲ, ಹಳ್ಳ, ಗಿಡದ ಗುರುತು ಬೇಡ. ಲೊಕೇಶನ್ ಆನ್ ಇದ್ದರೆ ಮೊಬೈಲು ಫೋಟೊದೊಳಗೇ ಜಾಗ ಬರೆದಿಡುತ್ತದೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿದರೆ ಆ ಗುರುತೂ ಜೊತೆಗೆ ಹೋಗುತ್ತದೆ. ಫೋಟೊ ತೆಗೆಯುವ ಮೊದಲು ಕ್ಯಾಮೆರಾ ಸೆಟ್ಟಿಂಗಿನಲ್ಲಿ ಅದನ್ನು ಬಂದ್ ಮಾಡಿ.

ಮತ್ತೆ ಅದೇ ಹೊಲ

ಹೋದ ವರ್ಷ ಬೇಸಿಗೆಯಲ್ಲಿ ಕಮಲಾಪುರಕ್ಕೆ ಕೆಂಪು ಬಾಳೆ ಬೆಳೆಗಾರರ ಸುದ್ದಿಗೆ ಹೋಗಿ ಬಂದವನು, ಊರ ಹತ್ತಿರ ಆ ಹಳೇ ಹೊಲದ ಬದುವಿನ ಹತ್ತಿರ ಗಾಡಿ ನಿಲ್ಲಿಸಿದೆ. ಅಜ್ಜ ಈಗಿಲ್ಲ. ಬೇವಿನ ಗಿಡ ಇದೆ. ಹೊಲದ ನಡುವೆ ಟಿಟ್ಟಿಭ ಕುಂತಿತ್ತು. ಗಾಡಿಯಿಂದ ಇಳಿಯದೆ, ಬಂದ್ ಮಾಡಿ, ಬಹಳ ಹೊತ್ತು ನೋಡಿದೆ. ಸ್ವಲ್ಪ ಹೊತ್ತಿಗೆ ಅದರ ಜೋಡಿ ಹಳ್ಳದ ಕಡೆಯಿಂದ ಹಾರಿ ಬಂತು. ಹೊಟ್ಟೆಯ ಪುಕ್ಕ ಒದ್ದೆ ಇತ್ತೋ ಇಲ್ಲವೋ ಅಷ್ಟು ದೂರದಿಂದ ಕಾಣಲಿಲ್ಲ. ಕುಂತಿದ್ದು ಎದ್ದಿತು, ಬಂದದ್ದು ಕುಂತಿತು. ಎದ್ದು ಹೋದದ್ದು ಒದರಲಿಲ್ಲ.

ಕುಂತಲ್ಲಿಂದಲೇ ಒಂದು ಫೋಟೊ ತೆಗೆದೆ. ಅದರಲ್ಲಿ ಆಕಾಶ ಇದೆ, ಎರಿ ಹೊಲ ಇದೆ, ದೂರದಲ್ಲಿ ಬೇವಿನ ಗಿಡ ಇದೆ. ನಡುವೆ ಕಡ್ಡಿಯಷ್ಟು ಹಕ್ಕಿ. ಪತ್ರಿಕೆಗೆ ಕಳಿಸಿದೆ. ಹಕ್ಕಿ ಬಹಳ ಸಣ್ಣದಾಯಿತು, ಹತ್ತಿರದ್ದು ಇದ್ದರೆ ಕಳಿಸಿ ಅಂತ ಡೆಸ್ಕಿನಿಂದ ಫೋನ್ ಬಂತು.

'ಹತ್ತಿರದ್ದು ಇಲ್ರೀ ಸರ್' ಅಂದೆ.

ಆ ಫೋಟೊ ಅಚ್ಚಾಗಲಿಲ್ಲ. ಜೂನಿನಲ್ಲಿ ಹರಗಲು ಹೋಗಿದ್ದ ಆ ಅಜ್ಜನ ಮಗ ಮಾತ್ರ ಸಂಜೆ ಕಟ್ಟೆಯ ಮೇಲೆ ಸಿಕ್ಕು ಹೇಳಿದರು: 'ನಿನ್ನ ಹಕ್ಕಿ ಮೂರು ಮರಿ ಕರಕೊಂಡು ಬದುವಿನ ಗುಂಟ ಓಡ್ಲಕತ್ತಿತ್ತು ನೋಡು. ಎತ್ತು ನಿಲ್ಸಿ ಬಿಟ್ಟೆ.'